ಹಾಜರಿ ಪುಸ್ತಕದ ಹೊರಗಿನ ಹೆಸರುಗಳು

ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಕಳೆದವಳಿಗೆ ಹಾಜರಿ ಪುಸ್ತಕದ ಮಹಿಮೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗು ಬಂದರೆ ಹಾಜರಿ, ಬಾರದಿದ್ದರೆ ಗೈರುಹಾಜರಿ. ಪುಸ್ತಕದಲ್ಲಿ ಹೆಸರೇ ಇಲ್ಲದ ಮಗುವಿಗೆ ಮಾತ್ರ ಎರಡೂ ಇಲ್ಲ. ಕಬ್ಬು ಕಡಿಯಲು ಹೋದ ಅಪ್ಪ ಅವ್ವನ ಸಂಗಡ ಊರು ಬಿಟ್ಟು, ಬೇರೊಂದು ಊರಿನ ಶಾಲೆಯ ಕಟ್ಟೆಯ ಮೇಲೆ ಬಂದು ಕೂತ ಹುಡುಗಿಯನ್ನು ನೆನೆಸಿಕೊಳ್ಳಿ. ಅವಳು ಪಾಠ ಕೇಳುತ್ತಾಳೆ, ಎಲ್ಲರಿಗಿಂತ ಮೊದಲು ಮಗ್ಗಿ ಒಪ್ಪಿಸುತ್ತಾಳೆ. ಆದರೆ ವರ್ಷದ ಕೊನೆಗೆ ಮೇಲಿನವರಿಗೆ ಕಳಿಸುವ ಅಂಕಿಅಂಶದಲ್ಲಿ ಅವಳು ಇಲ್ಲ. ಹಾಜರಿ ಪುಸ್ತಕದಲ್ಲಿ ಇಲ್ಲದವರು ಕಲಿತದ್ದೂ ಇಲ್ಲ ಎಂದೇ ಕಾಗದ ತಿಳಿಯುತ್ತದೆ.

ವಿದ್ವತ್ತಿನ ಲೋಕದಲ್ಲೂ ಇಂಥ ಹಾಜರಿ ಪುಸ್ತಕಗಳಿವೆ. ಜಗತ್ತಿನಲ್ಲಿ ಯಾವ ವಿದ್ವತ್ ಪತ್ರಿಕೆಗಳು ಬರುತ್ತಿವೆ, ಯಾವ ಲೇಖನವನ್ನು ಎಷ್ಟು ಜನ ತಮ್ಮ ಬರಹದಲ್ಲಿ ಉಲ್ಲೇಖಿಸಿದ್ದಾರೆ ಎಂದು ಅವು ಲೆಕ್ಕ ಇಡುತ್ತವೆ. ಈ ಲೆಕ್ಕದ ಶಾಸ್ತ್ರಕ್ಕೆ ಬಿಬ್ಲಿಯೋಮೆಟ್ರಿಕ್ಸ್ ಎಂದು ಹೆಸರು. ಪುಸ್ತಕಗಳಲ್ಲಿ ಎರಡು ದೊಡ್ಡವು. ವೆಬ್ ಆಫ್ ಸೈನ್ಸ್ ಒಂದು, ೨೦೦೪ರಲ್ಲಿ ಶುರುವಾದ ಸ್ಕೋಪಸ್ ಇನ್ನೊಂದು. ಎರಡೂ ಖಾಸಗಿ ಕಂಪನಿಗಳ ಸೊತ್ತು. ಅವುಗಳಲ್ಲಿ ಕನ್ನಡದ ವಿದ್ವತ್ ಪತ್ರಿಕೆಗಳನ್ನು ಹುಡುಕಲು ಹೊರಟರೆ, ಎಳ್ಳು ಚೆಲ್ಲಿದ ಕರಿ ಹೊಲದಲ್ಲಿ ಎಳ್ಳು ಆರಿಸಿದಂತೆ ಆಗುತ್ತದೆ.

ಮನೆ, ಮಕ್ಕಳು, ನೌಕರಿ, ಅಡಿಗೆ ಎಂದು ಗೋಳಾಡುವ ನಮಗೇಕೆ ಈ ಪ್ರೊಫೆಸರರ ಪಂಚಾಯಿತಿ ಎಂದು ನೀವು ಕೇಳಬಹುದು. ನಾನೂ ಬಿ.ಎ., ಬಿ.ಎಡ್. ಓದಿದ ಶಾಲಾ ಶಿಕ್ಷಕಿ, ಯಾವ ಸಂಶೋಧನೆಯನ್ನೂ ಮಾಡಿದವಳಲ್ಲ. ಆದರೆ ನನ್ನ ಕೈಯಲ್ಲಿ ಅಕ್ಷರ ಕಲಿತ ಹುಡುಗಿಯೊಬ್ಬಳು ಕನ್ನಡದಲ್ಲಿ ಎಂ.ಎ. ಮಾಡಿ, ನಮ್ಮ ಸೀಮೆಯ ಬೀಸುವ ಪದಗಳ ಮೇಲೆ ಸಂಶೋಧನೆಗೆ ತೊಡಗಿದಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕಿನ ಹಳ್ಳಿ ಹಳ್ಳಿ ತಿರುಗಿ ಮುದುಕಿಯರ ಮುಂದೆ ಕೂತು ಹಾಡು ಬರೆದುಕೊಂಡಳು. ಬರೆದ ಲೇಖನವನ್ನು ಒಂದು ಹಳೆಯ, ಗೌರವದ ಕನ್ನಡ ಪತ್ರಿಕೆ ಅಚ್ಚು ಹಾಕಿತು. ಮುಂದೆ ನೌಕರಿಯ ಸಂದರ್ಶನಕ್ಕೆ ಹೋದಾಗ, ಆ ಪತ್ರಿಕೆ ಪಟ್ಟಿಯಲ್ಲಿ ಇಲ್ಲವೆಂದು ಲೇಖನಕ್ಕೆ ಅಂಕ ಕೊಡಲಿಲ್ಲ. ಅದೇ ಸಂದರ್ಶನಕ್ಕೆ ಬಂದ ಮತ್ತೊಬ್ಬರು, ಹಣ ಕಟ್ಟಿದ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಯೊಂದರಲ್ಲಿ ಬರೆದಿದ್ದರಂತೆ. ಅದು ಪಟ್ಟಿಯಲ್ಲಿತ್ತು, ಅವರಿಗೆ ಅಂಕ ಬಿತ್ತು. “ಟೀಚರ್, ನಾಕು ವರ್ಷ ಊರೂರು ಅಡ್ಡ್ಯಾಡಿ ಕೂಡಿಸಿದ್ದು ಒಂದ ಸೊನ್ನಿ ಆತ್ರಿ” ಎಂದಳು ಹುಡುಗಿ. ಆ ಸೊನ್ನೆ ಎಲ್ಲಿಂದ ಬಂತು ಎಂದು ತಿಳಿಯುವ ಹಟಕ್ಕೆ ಬಿದ್ದು ನಾನು ಓದಿಕೊಂಡದ್ದರ ಫಲ ಈ ಲೇಖನ.

ಈ ಹಾಜರಿ ಪುಸ್ತಕ ಕೆಟ್ಟ ಉದ್ದೇಶದಿಂದ ಹುಟ್ಟಿದ್ದಲ್ಲ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಎಂಬವರು ೧೯೫೫ರಲ್ಲಿ ಒಂದು ಸಲಹೆ ಮುಂದಿಟ್ಟರು. ಒಂದು ಲೇಖನವನ್ನು ಮುಂದೆ ಯಾರು ಯಾರು ಉಲ್ಲೇಖಿಸಿದರು ಎಂಬ ಸೂಚಿ ಇದ್ದರೆ, ಒಂದು ವಿಚಾರ ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ಹುಡುಕಬಹುದು ಎಂಬುದು ಅವರ ಯೋಚನೆ. ೧೯೬೪ರಲ್ಲಿ ಅವರ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು. ಅದರ ಆರಂಭದ ಸೂಚಿಗೆ ಆರಿಸಿಕೊಂಡದ್ದು ೬೧೩ ಪತ್ರಿಕೆಗಳನ್ನು. ಎಲ್ಲವನ್ನೂ ಏಕೆ ತೆಗೆದುಕೊಳ್ಳಲಿಲ್ಲ? ಬ್ರಿಟನ್ನಿನ ಬ್ರಾಡ್‌ಫರ್ಡ್ ಎಂಬ ಗ್ರಂಥಪಾಲರು ೧೯೩೪ರಲ್ಲೇ ಒಂದು ಮಾತು ತೋರಿಸಿದ್ದರು. ಯಾವುದೇ ವಿಷಯದ ಬಹುಪಾಲು ಲೇಖನಗಳು ಕೆಲವೇ ಪತ್ರಿಕೆಗಳಲ್ಲಿ ಇರುತ್ತವೆ, ಉಳಿದವು ನೂರಾರು ಪತ್ರಿಕೆಗಳಲ್ಲಿ ಚದುರಿರುತ್ತವೆ. ಕಂಪ್ಯೂಟರು ಕೋಣೆಯಷ್ಟು ದೊಡ್ಡದಿದ್ದ ಕಾಲ, ಖರ್ಚು ಬಹಳ. ಆದ್ದರಿಂದ ಆ ಕೆಲವನ್ನು ಹಿಡಿದರೆ ಸಾಕು ಎಂದಿತು ಲೆಕ್ಕ.

ಅದು ವ್ಯಾಪಾರಸ್ಥನ ಜಾಣತನ, ಒಪ್ಪೋಣ. ಕಿರಾಣಿ ಅಂಗಡಿಯವನು ಹೆಚ್ಚು ಖರ್ಚಾಗುವ ಸಾಮಾನನ್ನೇ ಮುಂದೆ ಇಡುತ್ತಾನೆ. ಆದರೆ ಅಂಗಡಿಯಲ್ಲಿ ಇಲ್ಲದ ಸಾಮಾನು ಲೋಕದಲ್ಲೇ ಇಲ್ಲ ಎಂದು ಅವನು ಹೇಳುವುದಿಲ್ಲ. ಇಲ್ಲಿ ಆದದ್ದು ಅದೇ. ಹುಡುಕಲು ಮಾಡಿದ ಸೂಚಿ ನಡೆಯುತ್ತ ನಡೆಯುತ್ತ ಜನರನ್ನು ಅಳೆಯುವ ಗೇಣಾಯಿತು. ನೌಕರಿ, ಬಡ್ತಿ, ವಿಶ್ವವಿದ್ಯಾಲಯದ ಕೀರ್ತಿ ಎಲ್ಲವೂ ಅದರ ಮೇಲೆ ನಿಂತವು. ಚದುರಿ ಬಿದ್ದ ಆ ನೂರಾರರಲ್ಲಿ ನಾವಿದ್ದೆವು.

ನಮ್ಮಲ್ಲಿ ಇಂಥ ಲೆಕ್ಕದ ಬುದ್ಧಿ ಇರಲಿಲ್ಲವೆಂದೇನೂ ಅಲ್ಲ. ಎಸ್. ಆರ್. ರಂಗನಾಥನ್ ಅವರು ೧೯೪೮ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಎಂಬಲ್ಲಿ ನಡೆದ ಗ್ರಂಥಪಾಲರ ಸಮ್ಮೇಳನದಲ್ಲಿ, ಗ್ರಂಥಾಲಯದ ಕೆಲಸಕ್ಕೂ ಅಳತೆಯ ಶಾಸ್ತ್ರವೊಂದು ಬೇಕೆಂದು ಹೇಳಿ ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟರು. ೧೯೬೨ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನ ಕೇಂದ್ರವನ್ನು ಕಟ್ಟಿದವರೂ ಅವರೇ. ಅಳತೆಯ ಶಾಸ್ತ್ರಕ್ಕೆ ಮೊದಲೇ ಹೆಸರು ಕೊಟ್ಟವರಿದ್ದ ನಾಡಿನಲ್ಲಿ ನಮ್ಮ ಪತ್ರಿಕೆಗಳೇ ಅಳತೆಗೆ ಸಿಗದೆ ಹೋದವು.

ಈಗ ಪುಸ್ತಕಕ್ಕೆ ಹೆಸರು ಸೇರಿಸುವ ನಿಯಮ ನೋಡಿ. ಸ್ಕೋಪಸ್‌ಗೆ ಸೇರಬೇಕಾದ ಪತ್ರಿಕೆ ಹೇಳಿದ ವೇಳೆಗೆ ಹೊರಬರಬೇಕು, ಅದಕ್ಕೆ ಐ.ಎಸ್.ಎಸ್.ಎನ್. ಎಂಬ ಅಂತರರಾಷ್ಟ್ರೀಯ ಸಂಖ್ಯೆ ಇರಬೇಕು, ಲೇಖನಗಳನ್ನು ಬೇರೆ ವಿದ್ವಾಂಸರು ಪರಿಶೀಲಿಸಿರಬೇಕು. ಇವೆಲ್ಲ ಸರಿಯಾದ ಮಾತೇ. ಇನ್ನೊಂದು ಇದೆ. ಲೇಖನದ ತಲೆಬರಹ ಮತ್ತು ಸಾರಾಂಶ ಇಂಗ್ಲಿಷಿನಲ್ಲಿರಬೇಕು, ಉಲ್ಲೇಖಗಳು ರೋಮನ್ ಲಿಪಿಯಲ್ಲಿರಬೇಕು. ಎರಡು ಸಾವಿರ ವರ್ಷದ ಹಿನ್ನೆಲೆಯ ಭಾಷೆಯೊಂದರ ಪಂಡಿತ, ಹಳಗನ್ನಡ ಗ್ರಂಥಗಳ ಹೆಸರನ್ನೆಲ್ಲ ಬೇರೆ ಲಿಪಿಗೆ ಇಳಿಸಿದರೆ ಮಾತ್ರ ಯಂತ್ರಕ್ಕೆ ಕಣ್ಣು ಕಾಣುತ್ತದೆ. ಳ, ಣ, ದೀರ್ಘ, ಹ್ರಸ್ವ ಯಾವುದೂ ಆ ಲಿಪಿಯಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಹಳಕಟ್ಟಿ ಎಂಬ ಒಂದೇ ಹೆಸರನ್ನು ನಾಲ್ಕು ಜನ ನಾಲ್ಕು ರೀತಿ ಬರೆದರೆ, ಯಂತ್ರದ ಲೆಕ್ಕದಲ್ಲಿ ನಾಲ್ಕು ಜನ ಹಳಕಟ್ಟಿಯವರು ಹುಟ್ಟುತ್ತಾರೆ.

ಹಳಕಟ್ಟಿಯವರ ಮಾತು ಬಂದದ್ದು ಒಳ್ಳೆಯದಾಯಿತು. ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲಿ ಮಾಡುತ್ತ, ಓಲೆಗರಿಗಳಲ್ಲಿ ಮಲಗಿದ್ದ ವಚನಗಳನ್ನು ಹುಡುಕಿ ೧೯೨೩ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ತಮ್ಮ ಮುದ್ರಣಾಲಯಕ್ಕಾಗಿ, ಪ್ರಕಟಣೆಗಾಗಿ ಗಳಿಸಿದ್ದನ್ನೆಲ್ಲ ಕಳೆದುಕೊಂಡರು. ಇಂದು ಅಕ್ಕಮಹಾದೇವಿಯ, ಆಯ್ದಕ್ಕಿ ಲಕ್ಕಮ್ಮನ, ಸೂಳೆ ಸಂಕವ್ವೆಯ ಹೆಸರನ್ನು ನಾವು ಮನೆಯ ಮಗಳ ಹೆಸರಿನಂತೆ ಆಡುತ್ತೇವಲ್ಲ, ಅದರ ಹಿಂದೆ ಆ ಕಾಲದ ಸಣ್ಣ ಅಕ್ಷರದ ಪುಟಗಳ ದುಡಿಮೆ ಇದೆ.

ಈಗ ಅದನ್ನು ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ತಕ್ಕಡಿಯಲ್ಲಿ ತೂಗೋಣ. ಒಂದು ಪತ್ರಿಕೆಯಲ್ಲಿ ಹಿಂದಿನ ಎರಡು ವರ್ಷ ಬಂದ ಲೇಖನಗಳು ಈ ವರ್ಷ ಎಷ್ಟು ಸಲ ಉಲ್ಲೇಖಗೊಂಡವು ಎಂದು ಎಣಿಸಿ, ಅದನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸುವುದು ಇದರ ಕ್ರಮ. ಕ್ಷಣಕ್ಷಣಕ್ಕೆ ಹೊಸದಾಗುವ ಔಷಧಶಾಸ್ತ್ರಕ್ಕೆ ಇದು ಒಗ್ಗೀತು. ಆದರೆ ‘ಶಿವಾನುಭವ’ದ ಹಳೆಯ ಸಂಚಿಕೆಯನ್ನು ಸುಮಾರು ನೂರು ವರ್ಷದ ಮೇಲೂ ವಿದ್ವಾಂಸರು ತೆಗೆದು ನೋಡುತ್ತಾರೆ. ನೂರು ವರ್ಷ ಬಾಳಿದ ಬರಹಕ್ಕೆ ಈ ತಕ್ಕಡಿಯಲ್ಲಿ ತೂಕವಿಲ್ಲ. ಎರಡು ವರ್ಷ ಸದ್ದು ಮಾಡಿ ಮರೆತುಹೋದದ್ದಕ್ಕೆ ತೂಕವಿದೆ. ಒಂದು ವಾರ ಇಡುವ ಕಡಕ ರೊಟ್ಟಿಯನ್ನು ಬಿಸಿ ರೊಟ್ಟಿಯ ಪರೀಕ್ಷೆಗೆ ಒಡ್ಡಿ ನಾಪಾಸು ಮಾಡಿದಂತಾಯಿತು.

ನಮ್ಮ ಸಿಂದಗಿ ತಾಲೂಕಿನ ನೆಲದಿಂದ ಬಂದ ಎಂ. ಎಂ. ಕಲಬುರ್ಗಿಯವರು ಶಾಸನ, ಹಸ್ತಪ್ರತಿ, ಸ್ಥಳನಾಮ, ವಚನ ಎಂದು ಬಾಳಿಡೀ ಬರೆದರು. ಅವರ ಬಿಡಿ ಸಂಶೋಧನ ಲೇಖನಗಳು ‘ಮಾರ್ಗ’ ಎಂಬ ಸಂಪುಟಗಳಲ್ಲಿ ಕೂಡಿವೆ. ಅದರ ನಾಲ್ಕನೆಯ ಸಂಪುಟಕ್ಕೆ ೨೦೦೬ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ೨೦೧೫ರ ಆಗಸ್ಟ್ ೩೦ರಂದು ಧಾರವಾಡದ ಅವರ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಬರೆದದ್ದಕ್ಕೆ ಇಷ್ಟು ದೊಡ್ಡ ಬೆಲೆ ತೆತ್ತವರ ಬರಹ, ಜಗತ್ತಿನ ಲೆಕ್ಕದಲ್ಲಿ ಪರಿಣಾಮವೇ ಇಲ್ಲದ ಬರಹದ ಸಾಲಿಗೆ ಬೀಳುತ್ತದೆ. ಕಾರಣ ಸರಳ. ಅವರ ತಲೆಮಾರಿನ ಕನ್ನಡ ಪಾಂಡಿತ್ಯ ಬಹುಪಾಲು ‘ಪ್ರಬುದ್ಧ ಕರ್ಣಾಟಕ’, ಸಾಹಿತ್ಯ ಪರಿಷತ್ತಿನ ಪತ್ರಿಕೆ, ವಿಶ್ವವಿದ್ಯಾಲಯಗಳ ಸಂಚಿಕೆ ಇಂಥವುಗಳಲ್ಲಿ, ಇನ್ನು ಕೆಲವು ಅಭಿನಂದನ ಗ್ರಂಥ, ಸಂಸ್ಮರಣ ಗ್ರಂಥಗಳಲ್ಲಿ ಬಂದಿದೆ. ಪರಿಷತ್ಪತ್ರಿಕೆ ೧೯೧೬ರದು, ‘ಪ್ರಬುದ್ಧ ಕರ್ಣಾಟಕ’ ೧೯೧೯ರದು, ಧಾರವಾಡದ ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’ವಂತೂ ೧೮೯೬ರದು. ಗಾರ್ಫೀಲ್ಡರ ಸೂಚಿಗಿಂತ ನಮ್ಮ ಪತ್ರಿಕೆಗಳೇ ಹಿರಿಯರು.

ಇದು ಭಾಷೆಯ ಮಾತು ಮಾತ್ರವೂ ಅಲ್ಲ. ನಮ್ಮ ಇಂಡಿಯ ಲಿಂಬೆಗೆ ಕಜ್ಜಿ ರೋಗ ಬಂದರೆ, ಹಿಂಗಾರಿ ಜೋಳಕ್ಕೆ ಕಾಂಡ ಕೊಳೆತರೆ, ಅದರ ಮೇಲೆ ಇಲ್ಲಿನ ಕೃಷಿ ವಿಜ್ಞಾನಿಗಳು ಇಂಗ್ಲಿಷಿನಲ್ಲೇ ಬರೆಯುತ್ತಾರೆ. ಬರೆಯುವುದು ಧಾರವಾಡ, ಬೆಂಗಳೂರುಗಳ ಕೃಷಿ ವಿಶ್ವವಿದ್ಯಾಲಯದ ಪತ್ರಿಕೆಗಳಲ್ಲಿ. ಹಿಂಗಾರಿ ಜೋಳ ತಿನ್ನದ ದೇಶದ ಸಂಪಾದಕರಿಗೆ ಅದು ಬೇಕಾಗುವುದಿಲ್ಲ. ಜಗತ್ತಿನ ಎಣಿಕೆಯ ಪುಸ್ತಕಕ್ಕೆ ಹೋಗಬೇಕಾದರೆ ವಿಜ್ಞಾನಿ ಜೋಳ ಬಿಟ್ಟು ಜಗತ್ತಿಗೆ ಬೇಕಾದ ಬೆಳೆ ಹಿಡಿಯಬೇಕು. ಹೀಗೆ ಎಣಿಕೆಯು ಮೆಲ್ಲಗೆ ಹೊಲದ ಬೆಳೆಯನ್ನೇ ಬದಲಿಸುತ್ತದೆ. ನಷ್ಟವಾಗುವುದು ಕರಿ ಮಣ್ಣಿನ ಮೇಲೆ ಮಳೆಗಾಗಿ ಕಾಯುವ ರೈತನಿಗೆ, ಅವನ ಹೆಂಡತಿಗೆ.

ಹೆಣ್ಣುಮಕ್ಕಳಾದ ನಮಗೆ ಈ ಅನ್ಯಾಯ ಹೊಸದೇನೂ ಅಲ್ಲ. ೨೦೧೧ರ ಜನಗಣತಿಗೆ ಮನೆ ಮನೆ ತಿರುಗಿದವಳು ನಾನು. “ನೀ ಏನ್ ಕೆಲಸ ಮಾಡ್ತೀಯವಾ?” ಎಂದರೆ, “ನಾ ಏನ್ ಮಾಡ್ತೀನ್ರಿ, ಮನ್ಯಾಗ ಇರ್ತೀನಿ” ಎನ್ನುತ್ತಿದ್ದರು. ಹಾಗೆ ಹೇಳುವವಳ ಕೈಬೆರಳು ಕಳೆ ಕಿತ್ತು ಒಡೆದಿರುತ್ತಿದ್ದವು. ಎರಡನೆಯ ಸಲ ಬಿಡಿಸಿ ಕೇಳಿದರೆ ಎಮ್ಮೆ, ಹೊಲ, ಹೊಲಿಗೆ ಎಲ್ಲವೂ ಹೊರಬರುತ್ತಿತ್ತು. ಬಿಡಿಸಿ ಕೇಳದಿದ್ದರೆ ‘ಕೆಲಸ ಮಾಡದವರು’ ಎಂಬ ಮನೆಯಲ್ಲಿ ಅವಳ ಹೆಸರು. ವಿದ್ವತ್ತಿನ ಗಣತಿದಾರರು ನಮ್ಮ ಸೀಮೆಗೆ ಬಂದು ಎರಡನೆಯ ಪ್ರಶ್ನೆ ಕೇಳಲಿಲ್ಲ.

ಅಷ್ಟೆಂದು ನಮ್ಮ ಮನೆಯ ಕಸವನ್ನು ಸೆರಗಿನಲ್ಲಿ ಮುಚ್ಚಿಕೊಳ್ಳಬಾರದು. ಕನ್ನಡ ವಿದ್ವತ್ ಪತ್ರಿಕೆಗಳಲ್ಲಿ ಹಲವು ವೇಳೆಗೆ ಬರುವುದಿಲ್ಲ. ಯುಗಾದಿ ಸಂಚಿಕೆ ದೀಪಾವಳಿಗೆ ಬರುತ್ತದೆ, ಎರಡು ಸಂಚಿಕೆ ಒಂದಾಗಿ ಬರುತ್ತವೆ. ಲೇಖನದ ಕೊನೆಗೆ ಆಧಾರ ಗ್ರಂಥದ ಹೆಸರಿದ್ದರೆ ವರ್ಷವಿಲ್ಲ, ವರ್ಷವಿದ್ದರೆ ಪುಟವಿಲ್ಲ. ಲೇಖನವನ್ನು ಯಾರು ಪರಿಶೀಲಿಸಿದರು ಎಂದು ಕೇಳಿದರೆ ಸಂಪಾದಕರ ಪರಿಚಯವೇ ಪರಿಶೀಲನೆ. ಇನ್ನು ಅಕ್ಷರದ ಕಥೆ ಬೇರೆ. ಕನ್ನಡಕ್ಕೆ ಯುನಿಕೋಡಿನಲ್ಲಿ ೧೯೯೧ರಲ್ಲೇ ಸ್ಥಾನ ಸಿಕ್ಕಿತು. ಆದರೂ ಎಷ್ಟೋ ಮುದ್ರಣಾಲಯಗಳು ಹಳೆಯ ಅಕ್ಷರಮಾದರಿಗಳಲ್ಲೇ ಪುಟ ಕಟ್ಟಿದವು. ಕಾಗದದ ಮೇಲೆ ಅವು ಚೆಂದ. ಕಂಪ್ಯೂಟರಿಗೆ ಹಾಕಿ ಹುಡುಕಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅಂಥ ಪುಟ ಜಾಲತಾಣಕ್ಕೆ ಏರಿದರೂ ಯಾರ ಕೈಗೂ ಸಿಗುವುದಿಲ್ಲ.

ಸರಕಾರವೂ ಒಂದು ದಾರಿ ಹುಡುಕಿ ನೋಡಿತು. ಯುಜಿಸಿ ೨೦೧೭ರಲ್ಲಿ ಒಪ್ಪಿತ ಪತ್ರಿಕೆಗಳ ದೊಡ್ಡ ಪಟ್ಟಿ ಹೊರಡಿಸಿತು. ಹಣ ಪಡೆದು ಅಚ್ಚು ಹಾಕುವ ಅಂಗಡಿಗಳೂ ಅದರಲ್ಲಿ ಸೇರಿಕೊಂಡವೆಂಬ ಗುಲ್ಲು ಎದ್ದು, ೨೦೧೮ರ ಮೇ ತಿಂಗಳಲ್ಲಿ ೪,೩೦೫ ಹೆಸರುಗಳನ್ನು ಕಿತ್ತುಹಾಕಿತು. ೨೦೧೯ರಲ್ಲಿ ‘ಕೇರ್’ ಎಂಬ ಹೊಸ ಪಟ್ಟಿ ಬಂತು. ಅದರಲ್ಲಿ ಭಾರತೀಯ ಭಾಷೆಗಳ ಪತ್ರಿಕೆಗಳಿಗೂ ಜಾಗವಿತ್ತು. ೨೦೨೫ರ ಫೆಬ್ರುವರಿಯಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟು, ಪತ್ರಿಕೆಯ ಗುಣವನ್ನು ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಲಿ ಎಂದಿತು. ಪಟ್ಟಿ ಹೋಯಿತೆಂದು ಹಿಗ್ಗಬೇಕಿಲ್ಲ. ಸ್ವಂತ ವಿವೇಚನೆ ಬಳಸಿ ಎಂದಾಗ, ಸುಲಭದ ದಾರಿ ಹಿಡಿಯುವವರು ಮತ್ತೆ ಅದೇ ಸ್ಕೋಪಸ್ಸಿನ ಬಾಗಿಲಿಗೆ ಹೋಗುತ್ತಾರೆ. ಆದರೂ ಲೇಖನ ಓದಿ ಅಂಕ ಕೊಡಬಹುದಾದ ಅವಕಾಶ ಈಗ ವಿಶ್ವವಿದ್ಯಾಲಯಗಳ ಕೈಗೆ ಬಂದಿದೆ ಎಂಬುದೂ ನಿಜ.

ನಮ್ಮಂತೆ ಹೊರಗೆ ಉಳಿದವರು ಏನು ಮಾಡಿದರು ಎಂಬುದು ಕಲಿಯುವ ಸಂಗತಿ. ಬ್ರೆಜಿಲ್ ದೇಶದವರು ೧೯೯೭ರಲ್ಲಿ ಸೈಲೋ ಎಂಬ ತಮ್ಮದೇ ಸೂಚಿ ಆರಂಭಿಸಿದರು. ಪೋರ್ಚುಗೀಸ್, ಸ್ಪ್ಯಾನಿಷ್ ಭಾಷೆಯ ಪತ್ರಿಕೆಗಳನ್ನು ನಿಯಮ ಹಾಕಿ ಆರಿಸಿ, ಎಲ್ಲರಿಗೂ ಉಚಿತವಾಗಿ ಓದಲು ಇಟ್ಟರು. ಲ್ಯಾಟಿನ್ ಅಮೆರಿಕದ ಅಕ್ಕಪಕ್ಕದ ದೇಶಗಳೂ ಸೇರಿದವು. ಕೊನೆಗೆ ವೆಬ್ ಆಫ್ ಸೈನ್ಸ್‌ನವರೇ ಸೈಲೋದ ಸೂಚಿಯನ್ನು ತಮ್ಮ ಪಕ್ಕದಲ್ಲಿ ಕೂಡಿಸಿಕೊಂಡರು. ಆಫ್ರಿಕದ ಪತ್ರಿಕೆಗಳಿಗಾಗಿ ೧೯೯೮ರಲ್ಲಿ ಆಫ್ರಿಕನ್ ಜರ್ನಲ್ಸ್ ಆನ್‌ಲೈನ್ ಶುರುವಾಯಿತು. ಬಾಗಿಲು ತಟ್ಟುತ್ತ ನಿಲ್ಲುವ ಬದಲು ಅವರು ತಮ್ಮ ಮನೆಯನ್ನೇ ಕಟ್ಟಿಕೊಂಡರು. ೨೦೨೨ರಿಂದ ಓಪನ್‌ಅಲೆಕ್ಸ್ ಎಂಬ ಉಚಿತ ಸೂಚಿಯೂ ಇದೆ, ಅದು ದೊಡ್ಡ ಕಂಪನಿಗಳ ಪುಸ್ತಕಕ್ಕಿಂತ ಹೆಚ್ಚು ಪತ್ರಿಕೆಗಳಿಗೆ ಜಾಗ ಕೊಡುತ್ತದೆ. ಆದರೆ ಪತ್ರಿಕೆಯ ವಿವರ ಯಂತ್ರ ಓದುವ ರೂಪದಲ್ಲಿ ಇದ್ದರೆ ಮಾತ್ರ.

ನಮ್ಮ ಕೈಲಾಗುವ ಕೆಲಸಗಳು ದೊಡ್ಡವೇನಲ್ಲ. ಐ.ಎಸ್.ಎಸ್.ಎನ್. ಸಂಖ್ಯೆಯನ್ನು ದಿಲ್ಲಿಯ ಕೇಂದ್ರದಿಂದ ಪಡೆಯಬೇಕು. ಪುಟಗಳನ್ನು ಯುನಿಕೋಡಿನಲ್ಲೇ ಕಟ್ಟಬೇಕು. ಪ್ರತಿ ಲೇಖನಕ್ಕೂ ಕನ್ನಡದ ಜೊತೆಗೆ ಇಂಗ್ಲಿಷಿನಲ್ಲಿ ತಲೆಬರಹ ಮತ್ತು ಹತ್ತು ಸಾಲಿನ ಸಾರಾಂಶ ಇರಬೇಕು. ಇದು ಶರಣಾಗತಿಯಲ್ಲ, ಬಂದವರಿಗೆ ದಾರಿ ತೋರಿಸುವ ಫಲಕ. ಆಧಾರ ಗ್ರಂಥದ ವರ್ಷ, ಪುಟ ತಪ್ಪದೆ ಕೊಡಬೇಕು. ಹೇಳಿದ ತಿಂಗಳಿಗೆ ಸಂಚಿಕೆ ಬರಬೇಕು. ಹಳೆಯ ಸಂಚಿಕೆಗಳ ಪರಿವಿಡಿಯನ್ನಾದರೂ ಕಂಪ್ಯೂಟರಿಗೆ ಏರಿಸಬೇಕು. ನಮ್ಮ ಇಂಡಿ ಲಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆ ಗುರುತಿನಿಂದ ಹಣ್ಣಿನ ಹುಳಿ ಹೆಚ್ಚಲಿಲ್ಲ. ಹುಳಿ ಮೊದಲಿನಿಂದಲೂ ಇತ್ತು. ಪೇಟೆಯಲ್ಲಿ ಅದರ ಊರಿನ ಹೆಸರು ಹೇಳುವಂತಾಯಿತು, ಅಷ್ಟೇ. ಪತ್ರಿಕೆಗಳಿಗೂ ಬೇಕಾದದ್ದು ಅಷ್ಟೇ.

ಬರೆಯುವ ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಮದುವೆಗೆ ಮೊದಲು ತವರಿನ ಅಡ್ಡಹೆಸರಿನಲ್ಲಿ ಬರೆದವಳು, ಮದುವೆಯ ಮೇಲೆ ಗಂಡನ ಮನೆಯ ಹೆಸರಿನಲ್ಲಿ ಬರೆಯುತ್ತಾಳೆ. ಯಂತ್ರದ ಪುಸ್ತಕದಲ್ಲಿ ಒಬ್ಬಳೇ ಎರಡು ತುಂಡಾಗುತ್ತಾಳೆ, ಎರಡೂ ತುಂಡು ಹಗುರ. ೨೦೧೨ರಿಂದ ಆರ್ಕಿಡ್ ಎಂಬ ಗುರುತಿನ ಸಂಖ್ಯೆಯೊಂದು ಉಚಿತವಾಗಿ ಸಿಗುತ್ತದೆ. ಹೆಸರು ಬದಲಾದರೂ ಸಂಖ್ಯೆ ಬದಲಾಗದು. ಕಾಲೇಜಿಗೆ ಹೋಗುವ ನಿಮ್ಮ ಮಗಳು ಮೊದಲ ಲೇಖನ ಬರೆದ ದಿನವೇ ಅದನ್ನು ಪಡೆದುಕೊಳ್ಳಲಿ. ವಿಜಯಪುರದಲ್ಲಿ ಮಹಿಳೆಯರಿಗೆಂದೇ ೨೦೦೩ರಲ್ಲಿ ವಿಶ್ವವಿದ್ಯಾಲಯ ಬಂದಿದೆ, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರಿದೆ. ಅಲ್ಲಿ ಓದಿದ ಸಾವಿರಾರು ಹೆಣ್ಣುಮಕ್ಕಳ ದುಡಿಮೆ ಹೆಸರಿನ ಗೊಂದಲದಲ್ಲಿ ಕಳೆಯಬಾರದು.

ಎಲ್ಲ ಮಾಡಿದ ಮೇಲೂ ಎಣಿಕೆಯೇ ದೇವರಾಗಬಾರದು. ೨೦೧೫ರ ಲೈಡನ್ ಪ್ರಣಾಳಿಕೆಯಲ್ಲಿ ಹತ್ತು ಸೂತ್ರಗಳಿವೆ. ಸ್ಥಳೀಯ ಮಹತ್ವದ ಸಂಶೋಧನೆಯನ್ನು ಕಾಪಾಡಬೇಕು ಎಂಬುದು ಅವುಗಳಲ್ಲೊಂದು. ೨೦೧೯ರಲ್ಲಿ ಹೆಲ್ಸಿಂಕಿಯಿಂದ, ವಿದ್ವತ್ತು ಹಲವು ಭಾಷೆಗಳಲ್ಲಿ ನಡೆಯಬೇಕು ಎಂಬ ಕರೆ ಹೊರಟಿತು. ಎಣಿಸುವ ದೇಶಗಳಲ್ಲೇ ಈ ಎಚ್ಚರ ಹುಟ್ಟಿರುವಾಗ ನಾವು ಹಿಂಜರಿಯುವುದೇಕೆ? ಮಗುವಿಗೆ ಅಂಕ ಕೊಡಲು ಉತ್ತರಪತ್ರಿಕೆ ಓದಬೇಕಾಗುತ್ತದೆ. ಪ್ರಾಧ್ಯಾಪಕಿಗೆ ಅಂಕ ಕೊಡುವವರೂ ಲೇಖನ ಓದಲಿ.

ಸಾಲೋಟಗಿಯ ಕಂಬಶಾಸನ ೯೪೫ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಇಲ್ಲಿ ವಿದ್ಯಾಶಾಲೆ ಕಟ್ಟಿಸಿದ, ಬೇರೆ ಬೇರೆ ನಾಡಿನ ವಿದ್ಯಾರ್ಥಿಗಳು ಬಂದು ಕಲಿತರು, ಅವರಿಗೆ ಇಪ್ಪತ್ತೇಳು ಮನೆಗಳಿದ್ದವು ಎಂದು ಅದರಿಂದ ತಿಳಿಯುತ್ತದೆ. ಅದರ ಪಾಠ ‘ಎಪಿಗ್ರಾಫಿಯಾ ಇಂಡಿಕಾ’ದ ನಾಲ್ಕನೆಯ ಸಂಪುಟದಲ್ಲಿ ಅಚ್ಚಾಗಿರುವುದರಿಂದ ಜಗತ್ತಿಗೆ ಗೊತ್ತು. ಆ ಶಾಸನವೂ ಒಂದು ಲೆಕ್ಕದ ಪುಸ್ತಕವೇ. ವಿದ್ಯಾರ್ಥಿಗಳ ಊಟಕ್ಕೆ ಎಷ್ಟು ಭೂಮಿ, ಗುರುವಿಗೆ ಎಷ್ಟು, ಊರ ಮದುವೆ ಮುಂಜಿವೆಗಳಲ್ಲಿ ಶಾಲೆಗೆ ಸಲ್ಲಬೇಕಾದ ನಾಣ್ಯ ಎಷ್ಟು ಎಂದು ಅದು ಬರೆದಿಡುತ್ತದೆ. ದೀಪಕ್ಕಾಗಿಯೇ ಹನ್ನೆರಡು ನಿವರ್ತನ ಭೂಮಿ. ಓದುವುದಕ್ಕೆ ಏನು ಬೇಕೋ ಅದನ್ನು ಆ ಕಾಲದವರು ಎಣಿಸಿದರು.

ನಿಮ್ಮ ಅಟ್ಟದ ಮೇಲೆ, ಮಾವನವರ ಟ್ರಂಕಿನಲ್ಲಿ, ಹಳೆಯ ಪತ್ರಿಕೆಗಳ ಕಟ್ಟು ಇದ್ದೀತು. ರದ್ದಿಯವನು ಕಿಲೋ ಲೆಕ್ಕದಲ್ಲಿ ಕೊಳ್ಳುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಸಂಚಿಕೆಯ ತಿಂಗಳು, ವರ್ಷ, ಪರಿವಿಡಿಯನ್ನು ಒಂದು ನೋಟುಬುಕ್ಕಿನಲ್ಲಿ ಬರೆದು, ಕಟ್ಟನ್ನೂ ನೋಟುಬುಕ್ಕನ್ನೂ ಊರಿನ ಗ್ರಂಥಾಲಯಕ್ಕೋ ಕಾಲೇಜಿಗೋ ಕೊಡಿ. ಹೆಸರು ಬರೆಯದೆ ಯಾವ ಹಾಜರಿಯೂ ಶುರುವಾಗುವುದಿಲ್ಲ.